ಒಬ್ಳೇ ಹೋಪುಕೆ ಇಬ್ಬರ ದೋಣಿ ಎಂತಕೆ?

ಒಬ್ಳೇ ಹಾಯಿ ಬಿಚ್ಚಿ ಹೋಪುಕೆ ಸಣ್ಣ ಕ್ಯಾಟಮರಾನ್ ತಕಂತೆ ಅಂದ್ರೆ ಸಾಕ್, ಎಲ್ಲರದ್ದೂ ಒಂದೇ ಬುದ್ಧಿಮಾತು: "ಸ್ವಲ್ಪ ದೊಡ್ಡದೇ ತಕೋ, ಮನೆಯೋರೂ ಕೂಕಂಬುಕೆ ಆತ್ತ್." ಈ ಮಾತು ನಂಗೆ ಸುತಾರಾಂ ಒಪ್ಪಿಗೆ ಇಲ್ಲೆ.

ಜೋಡಿ ದೋಣಿ ಕಟ್ಟಿದಾಂಗೆ ಎರಡು ಒಡಲು ಇಪ್ಪುದ್ರಿಂದ ಇದು ಸುಲಭಕ್ಕೆ ವಾಲುದಿಲ್ಲೆ, ನಿಜ. ಆದ್ರೆ ಮಗುಚಿದ್ರೆ ತನ್ನಷ್ಟಕ್ಕೇ ಏಳುದೂ ಇಲ್ಲೆ. ಕೆಳಗಿನ ಒಡಲ ಮೇಲೆ ನಿಂತು, ಹಗ್ಗ ಹಿಡ್ದು ಹಿಂದಕ್ಕೆ ಜೋತುಬಿದ್ದು, ನಮ್ಮ ಮೈಭಾರದಿಂದಲೇ ಅದನ್ನ ಎತ್ತಿ ನಿಲ್ಲಿಸ್ಕ್.

ಹೋಬಿ 16 ಕಾಣಿ: ಸುಮಾರು 145 ಕೆಜಿ, ಎರಡು ಹಾಯಿ, ಇಬ್ಬರಿಗೆ ಅಂತ್ಲೇ ಮಾಡಿದ್ದ್. 55 ಕೆಜಿಯ ಹೆಂಗಸು ಒಬ್ಳೇ ಎತ್ತುದ್ ಬಹಳ ಕಷ್ಟ. 1968ರಲ್ಲಿ ಬಂದ ಹೋಬಿ 14 ಸುಮಾರು 110 ಕೆಜಿ, ಒಂದೇ ಹಾಯಿ, ಒಬ್ಬರಿಗೇ ಮಾಡಿದ್ದ್. ಅದನ್ನೂ ದಡದ ಹತ್ರ, ಜನ ಇಪ್ಪಲ್ಲಿ, ಬೇಕಂತ್ಲೇ ಮಗುಚಿ ಎತ್ತಿ ಕಂಡೇ ದುಡ್ಡು ಕೊಡಿ.

ಒಲೆಯಿಂದ ಒಬ್ಳೇ ಇಳ್ಸುಕಾಗ್ದ ಪಾತ್ರೆಯನ್ನ ದಿನದಡುಗೆಗೆ ಯಾರ್ ತಕಂತ್ರ್?

ಇಬ್ಬರ ದೋಣಿ ತಕಂಡ್ರೆ, ಮನಸ್ಸಾದಾಗೆಲ್ಲ "ಬತ್ರಾ?" ಅಂತ ಯಾರನ್ನಾದ್ರೂ ಕರೀತಾ ಕೂಕಣ್ಕ್. ಅದಕ್ಕೆ ಒಬ್ಳೇ ಹೋಪುದ್ ಅಂತ ಹೇಳುದಿಲ್ಲೆ, ಅಕ್ಕಂದಿರೇ.