ಕೋರ್ಸ್ ಆನ್‌ಲೈನ್‌ನಲ್ಲಿರಲಿ, ಮೇಷ್ಟ್ರು ಕಾಲೇಜಿನಲ್ಲಿರಲಿ

ಸೆಮಿಸ್ಟರ್ ಶುರುವಾಗುತ್ತಿದ್ದಂತೆ ಎಂಜಿನಿಯರಿಂಗ್ ಕಾಲೇಜುಗಳ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ‘ಸ್ವಯಂ’, ‘ಎನ್‌ಪಿಟಿಇಎಲ್’ ಆನ್‌ಲೈನ್ ವೇದಿಕೆಗಳ ಕೋರ್ಸ್‌ಗಳ ಲಿಂಕ್‌ಗಳು ಓಡಾಡತೊಡಗುತ್ತವೆ. ನೋಂದಣಿಗೆ ದುಡ್ಡು ಕೊಡಬೇಕಿಲ್ಲ. ಹೆಸರು ಬರೆಸಿದರೆ ಆಯಿತು. ಮೊದಲ ವಾರದ ಪಾಠಗಳನ್ನು ಉತ್ಸಾಹದಿಂದ ನೋಡುತ್ತಾರೆ. ಆಮೇಲೆ ಇಂಟರ್ನಲ್ಸ್ ಹತ್ತಿರ ಬರುತ್ತದೆ, ಲ್ಯಾಬ್ ರೆಕಾರ್ಡ್ ಬಾಕಿ ಉಳಿಯುತ್ತದೆ, ಒಂದು ಅಸೈನ್‌ಮೆಂಟ್ ತಪ್ಪುತ್ತದೆ. ಒಮ್ಮೆ ತಪ್ಪಿತೆಂದರೆ ಅನೇಕರು ಮತ್ತೆ ಆ ಕಡೆ ತಲೆ ಹಾಕುವುದಿಲ್ಲ.

‘ಹುಡುಗರಿಗೆ ಆಸಕ್ತಿಯೇ ಇಲ್ಲ’ ಎಂದು ಕೈತೊಳೆದುಕೊಳ್ಳುವುದು ಸುಲಭ. ಅಂಕಿಅಂಶಗಳು ಹೇಳುವುದೇ ಬೇರೆ. ಹಾರ್ವರ್ಡ್ ಮತ್ತು ಎಂಐಟಿ ಸಂಸ್ಥೆಗಳ ಆನ್‌ಲೈನ್ ಕೋರ್ಸ್‌ಗಳ ಆರು ವರ್ಷಗಳ ದಾಖಲೆಯನ್ನು ಪರಿಶೀಲಿಸಿದ ಅಧ್ಯಯನವೊಂದು 2019ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ಅದರ ಪ್ರಕಾರ, 2017–18ರಲ್ಲಿ ಕೋರ್ಸ್ ಪೂರೈಸಿದವರು ಶೇ 3ರ ಆಸುಪಾಸು ಮಾತ್ರ. ಪ್ರಮಾಣಪತ್ರಕ್ಕೆಂದು ಹಣ ಕಟ್ಟಿದವರಲ್ಲೂ ಶೇ 46 ಮಂದಿಯಷ್ಟೇ ಕೊನೆ ಮುಟ್ಟಿದರು. ಕೈಯಿಂದ ದುಡ್ಡು ಹಾಕಿದವರಿಗೆ ಕಲಿಯುವ ಆಸೆ ಇರಲಿಲ್ಲ ಎನ್ನಲಾಗದು. ಆ ಆಸೆಯನ್ನು ವಾರದಿಂದ ವಾರಕ್ಕೆ ಕಾಪಾಡುವ ವ್ಯವಸ್ಥೆ ಅಲ್ಲಿರಲಿಲ್ಲ.

ಹುರಿದುಂಬಿಸುವ ಸಂದೇಶ ಕಳಿಸಿದರೆ ಸಾಕೇ? ಅದನ್ನೂ ಪರೀಕ್ಷಿಸಲಾಗಿದೆ. ಸುಮಾರು 250 ಕೋರ್ಸ್‌ಗಳಲ್ಲಿ, ಎರಡೂವರೆ ಲಕ್ಷ ಕಲಿಕಾರ್ಥಿಗಳ ಮೇಲೆ ನಡೆದ ಪ್ರಯೋಗದ ಫಲಿತಾಂಶ 2020ರಲ್ಲಿ ಹೊರಬಂತು. ‘ಯಾವಾಗ, ಎಲ್ಲಿ ಕೂತು ಓದುತ್ತೀರಿ’ ಎಂದು ಮೊದಲೇ ಬರೆಸಿಕೊಂಡಾಗ ಆರಂಭದ ಕೆಲವು ವಾರ ಚಟುವಟಿಕೆ ತುಸು ಹೆಚ್ಚಿತು. ಕೋರ್ಸ್ ಮುಗಿಸುವವರ ಪ್ರಮಾಣ ಮಾತ್ರ ಏರಲಿಲ್ಲ.

ಪಾಠದ ಉದ್ದವೂ ಲೆಕ್ಕಕ್ಕೆ ಬರುತ್ತದೆ. ‘ಎಡ್‌ಎಕ್ಸ್‌’ ಎಂಬ ಆನ್‌ಲೈನ್ ಕೋರ್ಸ್ ತಾಣದ ವಿಡಿಯೊಗಳ 69 ಲಕ್ಷ ವೀಕ್ಷಣೆಗಳನ್ನು ಅಳೆದ 2014ರ ಅಧ್ಯಯನದಲ್ಲಿ, ಆರು ನಿಮಿಷದೊಳಗಿನ ವಿಡಿಯೊಗಳು ಗಮನವನ್ನು ಚೆನ್ನಾಗಿ ಹಿಡಿದಿಟ್ಟಿದ್ದವು.

ಆದರೆ ಹಿಡಿದು ಕೂರಿಸುವ ಶಕ್ತಿ ಹೆಚ್ಚಾಗಿ ಇರುವುದು ಮನುಷ್ಯರಲ್ಲೇ. ಅಮೆರಿಕದ ಜಾರ್ಜಿಯಾ ಟೆಕ್ 2014ರಲ್ಲಿ ಕಡಿಮೆ ಶುಲ್ಕದ ಆನ್‌ಲೈನ್ ಸ್ನಾತಕೋತ್ತರ ಪದವಿಯನ್ನು ಆರಂಭಿಸಿದಾಗ ಪಾಠಗಳನ್ನಷ್ಟೇ ಜಾಲಕ್ಕೆ ಏರಿಸಲಿಲ್ಲ. ಪ್ರಶ್ನೆಗೆ ಉತ್ತರಿಸಲು, ಅಸೈನ್‌ಮೆಂಟ್ ತಿದ್ದಲು ಬೋಧನಾ ಸಹಾಯಕರ ದೊಡ್ಡ ಪಡೆಯನ್ನೇ ನೇಮಿಸಿತು. ಇಂದು ಅಲ್ಲಿ ಸಾವಿರಾರು ಮಂದಿ ಓದುತ್ತಿದ್ದಾರೆ.

ನಮ್ಮಲ್ಲಿ ಅಂಥದ್ದಕ್ಕೆ ಅಡಿಪಾಯ ಈಗಾಗಲೇ ಇದೆ. ಎನ್‌ಪಿಟಿಇಎಲ್ ಕಾಲೇಜುಗಳಲ್ಲಿ ಸ್ಥಳೀಯ ಘಟಕಗಳನ್ನು ತೆರೆಯಲು ಅವಕಾಶ ನೀಡಿದೆ. ಪ್ರತಿ ಘಟಕಕ್ಕೂ ಹೊಣೆ ಹೊತ್ತ ಅಧ್ಯಾಪಕರಿರುತ್ತಾರೆ. ಅಂತಿಮ ಅಂಕದಲ್ಲಿ ಶೇ 25ರಷ್ಟು ಅಸೈನ್‌ಮೆಂಟ್‌ಗೆ, ಶೇ 75ರಷ್ಟು ಪರೀಕ್ಷೆಗೆ. 12 ವಾರಗಳ ಕೋರ್ಸ್‌ನಲ್ಲಿ ಸಾಮಾನ್ಯವಾಗಿ ಹೆಚ್ಚು ಅಂಕ ಬಂದ 8 ಅಸೈನ್‌ಮೆಂಟ್‌ಗಳನ್ನಷ್ಟೇ ಪರಿಗಣಿಸುತ್ತಾರೆ. ಮೂರನೇ ವಾರ ಒಂದು ತಪ್ಪಿಸಿಕೊಂಡು ಎದೆಗುಂದಿದ ಹುಡುಗಿಗೆ ‘ಇನ್ನೂ ಏನೂ ಕೈಮೀರಿಲ್ಲ, ಈ ವಾರದ್ದು ಬರಿ’ ಎಂದು ಹೇಳುವವರು ಒಬ್ಬರಿದ್ದರೆ ಆಕೆ ಉಳಿಯುತ್ತಾಳೆ. ಪರದೆಯಲ್ಲಿ ಕಾಣುವ ಪ್ರಾಧ್ಯಾಪಕರಿಗೆ ಅವಳ ಗೈರುಹಾಜರಿ ಗೊತ್ತಾಗುವುದಿಲ್ಲ. ಕಾಲೇಜಿನ ಮೇಷ್ಟ್ರಿಗೆ ಗೊತ್ತಾಗುತ್ತದೆ.

ಆದ್ದರಿಂದ ಆನ್‌ಲೈನ್ ಕೋರ್ಸ್‌ಗೂ ಟೈಮ್‌ಟೇಬಲ್‌ನಲ್ಲಿ ವಾರಕ್ಕೆ ಒಂದು ಪೀರಿಯಡ್ ಬೇಕು. ಒಂದೇ ಕೋರ್ಸ್ ತೆಗೆದುಕೊಂಡವರು ಕಂಪ್ಯೂಟರ್ ಲ್ಯಾಬ್‌ನಲ್ಲಿ ಜೊತೆಯಾಗಿ ಕೂರಲಿ. ಹಾಸ್ಟೆಲ್‌ನಲ್ಲೋ ಊರಿನಲ್ಲೋ ನೆಟ್‌ವರ್ಕ್ ಸಿಗದವರಿಗೂ ಆಗ ಪಾಠ ದಕ್ಕುತ್ತದೆ. ಕನ್ನಡ ಮಾಧ್ಯಮದಿಂದ ಬಂದವರು ಇಂಗ್ಲಿಷ್ ಉಪನ್ಯಾಸದಲ್ಲಿ ಅರ್ಥವಾಗದ್ದನ್ನು ಸಂಕೋಚವಿಲ್ಲದೆ ಕನ್ನಡದಲ್ಲೇ ಕೇಳಲಿ. ಎರಡು ಅಸೈನ್‌ಮೆಂಟ್ ತಪ್ಪಿಸಿದವರನ್ನು ಮೆಂಟರ್ ಕರೆದು ಮಾತಾಡಿಸಲಿ, ಬೈಯುವುದಕ್ಕಲ್ಲ, ತೊಡಕು ಏನೆಂದು ತಿಳಿಯುವುದಕ್ಕೆ.

ಇದು ಪುಕ್ಕಟೆ ಆಗುವ ಕೆಲಸವಲ್ಲ. ಸ್ವಯಂ ಮೂಲಕ ಒಂದು ಸೆಮಿಸ್ಟರ್‌ನ ಶೇ 40ರವರೆಗಿನ ಕೋರ್ಸ್‌ಗಳಿಗೆ ಕ್ರೆಡಿಟ್ ಕೊಡಲು ಯುಜಿಸಿ 2021ರಲ್ಲೇ ದಾರಿ ಮಾಡಿಕೊಟ್ಟಿದೆ. ಪದವಿಯ ಅಷ್ಟು ದೊಡ್ಡ ಭಾಗವನ್ನು ಪರದೆಗೆ ಒಪ್ಪಿಸುವ ವಿಶ್ವವಿದ್ಯಾಲಯಗಳು ಮೆಂಟರ್ ಆಗಿ ದುಡಿಯುವ ಅಧ್ಯಾಪಕರ ಗಂಟೆಗಳನ್ನು ಬೋಧನಾ ಕಾರ್ಯಭಾರಕ್ಕೆ ಸೇರಿಸಬೇಕು. ಎಷ್ಟು ಮಂದಿ ನೋಂದಾಯಿಸಿದರು ಎಂದು ಪ್ರಕಟಿಸುವ ಕಾಲೇಜುಗಳು ಎಷ್ಟು ಮಂದಿ ಪರೀಕ್ಷೆ ಬರೆದರು, ಎಷ್ಟು ಮಂದಿ ಪಾಸಾದರು ಎಂಬುದನ್ನೂ ಪ್ರತಿ ಸೆಮಿಸ್ಟರ್ ಪ್ರಕಟಿಸಲಿ. ಯಾವ ವಿಭಾಗಕ್ಕೆ ನೆರವು ಬೇಕೆಂಬುದು ಆಗ ಆಡಳಿತಕ್ಕೂ ಪೋಷಕರಿಗೂ ಒಟ್ಟಿಗೇ ಕಾಣುತ್ತದೆ.