ಅಮ್ಮನ ಒಟಿಪಿ ಯಾರ ಫೋನಿಗೆ ಬರುತ್ತದೆ?

ಪ್ರತಿ ಮನೆಯಲ್ಲೂ ಒಬ್ಬ ‘ಆನ್‌ಲೈನ್ ಗುಮಾಸ್ತ’ ಇದ್ದೇ ಇರುತ್ತಾನೆ, ಅಥವಾ ಇರುತ್ತಾಳೆ. ಸಂಬಳವಿಲ್ಲ, ರಜೆಯೂ ಇಲ್ಲ. ಅಪ್ಪನ ಪಹಣಿ, ಅಮ್ಮನ ಗೃಹಲಕ್ಷ್ಮಿ, ತಂಗಿಯ ಸ್ಕಾಲರ್‌ಶಿಪ್, ಅಜ್ಜನ ಪಿಂಚಣಿ, ಗ್ಯಾಸ್ ಬುಕಿಂಗ್, ಕರೆಂಟ್ ಬಿಲ್ಲು ಎಲ್ಲಕ್ಕೂ ಅದೇ ಹುಡುಗ ಅಥವಾ ಅದೇ ಹುಡುಗಿ. ಈ ಪುಟ ಓದುತ್ತಿರುವವರಲ್ಲಿ ಬಹಳಷ್ಟು ಮಂದಿ ಆ ಹುದ್ದೆಯಲ್ಲಿ ಇರುವವರೇ. ಸ್ಪರ್ಧಾತ್ಮಕ ಪರೀಕ್ಷೆಗಳಿಗೆ ಅರ್ಜಿ ತುಂಬಿ ತುಂಬಿ, ಫೋಟೊವನ್ನು 50 ಕೆಬಿಗೆ ಇಳಿಸುವ ವಿದ್ಯೆ ನಮಗೆ ಕರಗತವಾಗಿದೆ. ಸರ್ಕಾರಿ ಕೆಲಸ ಸಿಗುವ ಮೊದಲೇ ಮನೆಯ ಗುಮಾಸ್ತಿಕೆ ಸಿಕ್ಕಿಬಿಟ್ಟಿರುತ್ತದೆ.

ಈ ಕೆಲಸದ ಬಗ್ಗೆ ನನಗೆ ಬೇಸರವಿಲ್ಲ. ಅಪ್ಪ ಅಮ್ಮ ನಮಗಾಗಿ ಎಷ್ಟು ಕಚೇರಿಗಳ ಮುಂದೆ ನಿಂತಿಲ್ಲ! ನನ್ನ ತಕರಾರು ಇರುವುದು ಅರ್ಜಿಯ ಒಂದು ಸಣ್ಣ ಖಾನೆಯ ಬಗ್ಗೆ ಮಾತ್ರ. ‘ಮೊಬೈಲ್ ಸಂಖ್ಯೆ’ ಎಂಬ ಖಾನೆ. ಹೆಸರು ಅಮ್ಮನದು, ಆಧಾರ್ ಅಮ್ಮನದು, ಬ್ಯಾಂಕ್ ಖಾತೆಯೂ ಅಮ್ಮನದೇ. ನಂಬರ್ ಮಾತ್ರ ಮಗನದು. ಮಗನ ನಂಬರ್ ಕೊಡುವಷ್ಟು ವ್ಯವಧಾನ ಇಲ್ಲದ ದಿನ ಸೈಬರ್ ಸೆಂಟರ್‌ನವನು ತನ್ನದೇ ನಂಬರ್ ಹಾಕಿ ಕಳಿಸಿರುತ್ತಾನೆ. ಆಧಾರ್‌ನ ಜೆರಾಕ್ಸ್ ಹಿಂದೆ ಪೆನ್ನಿನಲ್ಲಿ ಬರೆದುಕೊಟ್ಟ ಪಾಸ್‌ವರ್ಡ್ ಒಂದು ಪ್ಲಾಸ್ಟಿಕ್ ಕವರಿನಲ್ಲಿ, ರೇಷನ್ ಕಾರ್ಡಿನ ಜೊತೆ, ದೇವರ ಕೋಣೆಯ ಮಾಡದಲ್ಲಿ ಭದ್ರವಾಗಿರುತ್ತದೆ. ಆದರೆ ಆ ಪಾಸ್‌ವರ್ಡ್ ಮರೆತರೆ ಹೊಸದನ್ನು ಪಡೆಯಲು ಬರುವ ಒಟಿಪಿ ಯಾರದೋ ಜೇಬಿನಲ್ಲಿ ಟಿಣ್ ಎನ್ನುತ್ತದೆ.

ಕುಟುಂಬಗಳಿಗೆ ನೆರವಾಗುವ ಆನ್‌ಲೈನ್ ಸೌಲಭ್ಯಗಳು ಕಡಿಮೆಯೇನಿಲ್ಲ. ಕರ್ನಾಟಕ ಈ ವಿಷಯದಲ್ಲಿ ಮುಂದೆಯೇ ಇತ್ತು. 2000ದ ಆಸುಪಾಸಿನಲ್ಲಿ ‘ಭೂಮಿ’ ಯೋಜನೆ ಬಂದು, ಗ್ರಾಮ ಲೆಕ್ಕಿಗರ ಕೈಬರಹದ ಪಹಣಿ ಕಂಪ್ಯೂಟರ್‌ಗೆ ಏರಿತು. ಈಗ ‘ದಿಶಾಂಕ್’ ಆ್ಯಪ್ ತೆರೆದು ಹೊಲದಲ್ಲಿ ನಿಂತರೆ, ನಿಂತ ಜಾಗದ ಸರ್ವೆ ನಂಬರ್ ತೋರಿಸುತ್ತದೆ. 2015ರಲ್ಲಿ ಬಂದ ಡಿಜಿಲಾಕರ್‌ನಲ್ಲಿ ಅಂಕಪಟ್ಟಿ, ಡ್ರೈವಿಂಗ್ ಲೈಸೆನ್ಸ್ ಇಟ್ಟುಕೊಳ್ಳಬಹುದು. ಪಿಂಚಣಿ ಪಡೆಯುವ ಅಜ್ಜಂದಿರು ಪ್ರತಿ ನವೆಂಬರ್‌ನಲ್ಲಿ ‘ನಾನು ಬದುಕಿದ್ದೇನೆ’ ಎಂದು ಸಾಬೀತು ಮಾಡಲು ಬ್ಯಾಂಕಿಗೆ ಹೋಗಿ ಕೂರಬೇಕಿತ್ತು. ಜೀವನ್ ಪ್ರಮಾಣ್ ಬಂದಮೇಲೆ, ಅದರಲ್ಲೂ 2021ರಲ್ಲಿ ಮುಖ ಗುರುತಿಸುವ ವ್ಯವಸ್ಥೆ ಸೇರಿದಮೇಲೆ, ಅದು ಮನೆಯ ಜಗಲಿಯಲ್ಲೇ ಮುಗಿಯುತ್ತದೆ. ಇ–ಸಂಜೀವಿನಿಯಲ್ಲಿ ವೈದ್ಯರ ಜೊತೆ ವಿಡಿಯೊದಲ್ಲಿ ಮಾತನಾಡಿ ಔಷಧ ಚೀಟಿ ಪಡೆಯಬಹುದು, ದುಡ್ಡು ಕೊಡಬೇಕಿಲ್ಲ. ಮಕ್ಕಳಿರುವ ಮನೆಗೆ ರಾಜ್ಯದ ಪಠ್ಯಪುಸ್ತಕಗಳೆಲ್ಲ ಪಿಡಿಎಫ್‌ನಲ್ಲಿ ಉಚಿತ. ಪುಸ್ತಕದಲ್ಲಿರುವ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿದರೆ ‘ದೀಕ್ಷಾ’ದಲ್ಲಿ ಪಾಠದ ವಿಡಿಯೊ ಸಿಗುತ್ತದೆ. ಟ್ಯೂಷನ್‌ಗೆ ಕಳಿಸಲಾಗದ ಮನೆಯಲ್ಲಿ ಇದೇನು ಸಣ್ಣ ವಿಷಯವಲ್ಲ.

ಇವುಗಳಲ್ಲಿ ಹೆಚ್ಚಿನವುಗಳ ಬೀಗದ ಕೈ ಒಂದೇ, ಆರಂಕಿಯ ಒಟಿಪಿ. ಅದು ಯಾರ ಫೋನಿಗೆ ಬರುತ್ತದೋ ಸೌಲಭ್ಯದ ಯಜಮಾನಿಕೆ ಅವರದು. ಅರ್ಜಿಯ ಮೇಲೆ ಬರೆದ ಹೆಸರು ಬರೀ ಹೆಸರು.

ಮಕ್ಕಳು ಊರಲ್ಲಿ ಇರುವವರೆಗೆ ಇದು ಗೊತ್ತಾಗುವುದಿಲ್ಲ. ಕೆಲಸ ಸಿಕ್ಕಿ ಬೆಂಗಳೂರಿನ ಪಿಜಿ ಸೇರಿದ ಮೇಲೆ ಶುರುವಾಗುತ್ತದೆ. ಗ್ಯಾಸ್ ಸಿಲಿಂಡರ್ ಹೊತ್ತು ತಂದವನು ಬಾಗಿಲಲ್ಲಿ ನಿಂತು ಕೋಡ್ ಕೇಳುತ್ತಾನೆ. ಕೋಡ್ ಬಂದಿರುವುದು ಇಂಟರ್‌ವ್ಯೂಗೆಂದು ಫೋನ್ ಸೈಲೆಂಟ್ ಮಾಡಿ ಕೂತಿರುವ ಮಗನಿಗೆ. ಅಪ್ಪ ಕಿಸಾನ್ ಸಮ್ಮಾನ್‌ನ ಇ–ಕೆವೈಸಿ ಮಾಡಿಸಲು ಹೋದರೆ ಅಲ್ಲಿಯೂ ಅದೇ ಕತೆ. ಮದುವೆಯಾಗಿ ಹೋದ ಮಗಳ ನಂಬರ್ ತವರಿನ ಎಲ್ಲ ದಾಖಲೆಗಳಲ್ಲಿ ಉಳಿದಿರುತ್ತದೆ. ಆಕೆ ಬೇರೆ ಸಿಮ್ ತೆಗೆದುಕೊಂಡು ಹಳೆಯದನ್ನು ಡಬ್ಬಿಗೆ ಹಾಕಿದರೆ ಮುಗಿಯಿತು. ಬಳಸದೆ ಮೂರು ತಿಂಗಳು ಬಿಟ್ಟ ನಂಬರನ್ನು ಕಂಪನಿ ಸ್ಥಗಿತಗೊಳಿಸಬಹುದು, ಕೆಲಕಾಲದ ನಂತರ ಅದೇ ನಂಬರ್ ಬೇರೆ ಯಾರಿಗೋ ಸಿಗಬಹುದು. ಆಗ ಅಮ್ಮನ ಖಾತೆಯ ಸಂದೇಶಗಳು ಮುಖ ಮೂತಿ ಗೊತ್ತಿಲ್ಲದವರ ಫೋನಿಗೆ ಹೋಗುತ್ತಿರುತ್ತವೆ.

ಅನುಕೂಲದ ಮಾತು ಹಾಗಿರಲಿ. ಇನ್ನೊಂದು ವಿಷಯ ನನ್ನನ್ನು ಹೆಚ್ಚು ಕಾಡುತ್ತದೆ. 2023ರ ಆಗಸ್ಟ್‌ನಲ್ಲಿ ಶುರುವಾದ ಗೃಹಲಕ್ಷ್ಮಿಯ ಎರಡು ಸಾವಿರ ರೂಪಾಯಿಯನ್ನು ಮನೆಯ ಯಜಮಾನಿಯ ಖಾತೆಗೇ ಹಾಕುವುದಕ್ಕೆ ಒಂದು ಉದ್ದೇಶವಿದೆ. ಆ ದುಡ್ಡು ಬಂದಿದೆಯೋ ಇಲ್ಲವೋ ಎಂದು ತಿಳಿಯಲು ಆಕೆ ಯಾರನ್ನೂ ಕೇಳಬೇಕಾಗಬಾರದು. ಆದರೆ ನಮ್ಮ ಹಾವೇರಿ ಕಡೆಯ ಯಾವ ಓಣಿಗೆ ಹೋದರೂ ಸಂಜೆ ಹೊತ್ತಿಗೆ ಒಂದು ಮಾತು ಕಿವಿಗೆ ಬೀಳುತ್ತದೆ: “ಈ ತಿಂಗಳ ರೊಕ್ಕ ಬಂತೇನ ನೋಡಪಾ.” ಮಗ ಒಳ್ಳೆಯವನಾದರೆ ನೋಡಿ ಹೇಳುತ್ತಾನೆ. ಬ್ಯುಸಿ ಇದ್ದರೆ ‘ನಾಳೆ ನೋಡ್ತೀನಿ ಬಿಡವ್ವಾ’ ಎನ್ನುತ್ತಾನೆ. ಮೆಸೇಜ್ ಬಂದ ದಿನವೇ ಅವನಿಗೆ ಬೈಕಿನ ಕಂತು ನೆನಪಾಗುವುದೂ ಉಂಟು. ಎಲ್ಲ ಮನೆಯಲ್ಲೂ ಹೀಗೆ ಎಂದು ನಾನು ಹೇಳುವುದಿಲ್ಲ. ಆದರೆ ಸಂದೇಶ ಮಗನಿಗೆ ಬಂದು ಅಮ್ಮ ಕೇಳುವ ಸ್ಥಿತಿ ಇದ್ದಲ್ಲಿ, ಹಣ ಅಮ್ಮನದು ಎಂಬ ಮಾತು ಅರ್ಧ ನಿಜ ಅಷ್ಟೇ.

ಇದಕ್ಕೊಂದು ಹಿನ್ನೆಲೆಯೂ ಇದೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ 15ರಿಂದ 49 ವರ್ಷದ ಮಹಿಳೆಯರಲ್ಲಿ ತಾವೇ ಬಳಸುವ ಮೊಬೈಲ್ ಇದ್ದವರು ಶೇ 54. ಒಮ್ಮೆಯಾದರೂ ಇಂಟರ್‌ನೆಟ್ ಬಳಸಿದ ಮಹಿಳೆಯರು ಶೇ 33, ಪುರುಷರು ಶೇ 57. ಸಮೀಕ್ಷೆಯ ನಂತರ ಪರಿಸ್ಥಿತಿ ಬದಲಾಗಿರಬಹುದು. ಆದರೂ ಮನೆಗೊಂದೇ ಸ್ಮಾರ್ಟ್‌ಫೋನ್ ಇದ್ದರೆ ಅದು ಯಾರ ಜೇಬಿನಲ್ಲಿ ಇರುತ್ತದೆ ಎಂಬುದು ನಮಗೆಲ್ಲ ಗೊತ್ತು.

ಟೆಲಿ–ಮಾನಸ್‌ನ ವಿಷಯ ತೆಗೆದುಕೊಳ್ಳಿ. 2022ರ ಅಕ್ಟೋಬರ್ 10ರಂದು ಶುರುವಾದ ಈ ಮಾನಸಿಕ ಆರೋಗ್ಯ ಸಹಾಯವಾಣಿಯ ನಂಬರ್ 14416. ಹಗಲು ರಾತ್ರಿ ಉಚಿತವಾಗಿ ಕನ್ನಡದಲ್ಲಿ ಮಾತನಾಡಬಹುದು. ಇದರ ಹಿಂದೆ ನಮ್ಮ ಬೆಂಗಳೂರಿನ ನಿಮ್ಹಾನ್ಸ್ ಇದೆ. ಡಿಗ್ರಿ ಮುಗಿಸಿ ಮೂರು ವರ್ಷ ಕೆಲಸ ಸಿಗದೆ, ಮಧ್ಯಾಹ್ನದವರೆಗೆ ಹೊದ್ದು ಮಲಗುವ ಮಗನನ್ನು ಕಂಡು ಸಂಕಟಪಡುವ ತಾಯಿಗೆ ಇದು ಬೇಕು. ನಮ್ಮಂಥ ಉದ್ಯೋಗಾಕಾಂಕ್ಷಿಗಳ ಮನೆಗಳಲ್ಲಿ ಇಂಥ ತಾಯಂದಿರು ಎಷ್ಟೋ ಇದ್ದಾರೆ. ಆದರೆ ಆಕೆ ಆ ಕರೆಯನ್ನು ಮಗನ ಫೋನಿನಿಂದಲೇ ಮಾಡಬೇಕೇ? ತನ್ನ ದುಃಖ ಹೇಳಿಕೊಳ್ಳಲು ಆಕೆಗೆ ತನ್ನದೇ ಒಂದು ಫೋನ್ ಬೇಕಲ್ಲವೇ?

ಇಷ್ಟು ಹೇಳಿದರೆ ಗೆಳೆಯರು ತಕ್ಷಣ ಎತ್ತುವ ಆಕ್ಷೇಪ ನನಗೆ ಗೊತ್ತು. “ಅಮ್ಮನ ನಂಬರ್ ಕೊಟ್ಟರೆ ಯಾರೋ ಫೋನ್ ಮಾಡಿ ಒಟಿಪಿ ಕೇಳಿದಾಗ ಹೇಳಿಬಿಡ್ತಾಳೆ ಮಾರಾಯ, ಖಾತೆ ಖಾಲಿ.” ಇದು ಹುರುಳಿಲ್ಲದ ಮಾತಲ್ಲ. ಹೆದರುವುದರಲ್ಲಿ ಅರ್ಥವಿದೆ. ಆದರೆ ಈಗಿನ ಮೋಸ ಒಟಿಪಿಗೆ ನಿಂತಿಲ್ಲ. ‘ಡಿಜಿಟಲ್ ಅರೆಸ್ಟ್’ ಎಂದು ವಿಡಿಯೊ ಕರೆಯಲ್ಲಿ ಪೊಲೀಸ್ ವೇಷ ತೊಟ್ಟು ಹೆದರಿಸುವವರು ಒಟಿಪಿಯನ್ನು ಕೇಳುವುದೇ ಇಲ್ಲ. ನಮ್ಮ ಕೈಯಿಂದಲೇ ದುಡ್ಡು ಹಾಕಿಸಿಕೊಳ್ಳುತ್ತಾರೆ. ಹಾಗೆ ಹಾಕಿದವರಲ್ಲಿ ದೊಡ್ಡ ದೊಡ್ಡ ಓದು ಓದಿದವರೂ ಇದ್ದಾರೆ. ಹಾಗಾಗಿ ಅಮ್ಮನನ್ನು ಫೋನಿನಿಂದ ದೂರ ಇಟ್ಟರೆ ಆಕೆ ಸುರಕ್ಷಿತ ಎಂಬ ಲೆಕ್ಕ ತಪ್ಪು. ದುಡ್ಡು ಹೋದದ್ದು ಆಕೆಗೆ ತಿಳಿಯುವುದೇ ಇಲ್ಲ. ಮೋಸವಾದ ತಕ್ಷಣ 1930ಕ್ಕೆ ಕರೆ ಮಾಡಿದರೆ ಹಣ ಮುಂದಿನ ಖಾತೆಗಳಿಗೆ ದಾಟುವ ಮೊದಲೇ ತಡೆಹಿಡಿಯುವ ಅವಕಾಶ ಇರುತ್ತದೆ. ಹೊತ್ತು ಕಳೆದಷ್ಟೂ ಆ ಅವಕಾಶ ಕೈತಪ್ಪುತ್ತದೆ. ಮೆಸೇಜ್ ಮಗನಿಗೆ ಬಂದು, ಅವನು ರಾತ್ರಿ ಊಟವಾದ ಮೇಲೆ ನೋಡಿ, ಮರುದಿನ ಊರಿಗೆ ಫೋನ್ ಮಾಡಿ ‘ಅವ್ವಾ, ನಿನ್ನೆ ದುಡ್ಡು ತೆಗೆದಿದ್ಯಾ?’ ಎಂದು ಕೇಳುವಷ್ಟರಲ್ಲಿ ಎಲ್ಲ ಮುಗಿದಿರುತ್ತದೆ.

ಹಾಗೆ ನೋಡಿದರೆ ಅಪಾಯದ ಅಭ್ಯಾಸ ಬೇರೆಯೇ ಇದೆ. ನಂಬರ್ ಅಮ್ಮನದೇ ಇರುವ ಮನೆಗಳಲ್ಲೂ ಬೆಂಗಳೂರಿನಿಂದ ಮಗಳು ಕರೆ ಮಾಡಿ ‘ಒಂದು ಮೆಸೇಜ್ ಬಂತಲ್ಲ, ಓದಿ ಹೇಳಮ್ಮ’ ಎನ್ನುತ್ತಾಳೆ. ತಿಂಗಳಿಗೆ ನಾಲ್ಕು ಬಾರಿ ಹೀಗಾದರೆ, ಒಟಿಪಿ ಎಂದರೆ ಫೋನಿನಲ್ಲಿ ಕೇಳಿದವರಿಗೆ ಓದಿ ಹೇಳುವ ವಸ್ತು ಎಂದೇ ಆಕೆಯ ಮನಸ್ಸಿನಲ್ಲಿ ಕೂತುಬಿಡುತ್ತದೆ. ವಂಚಕ ಕರೆ ಮಾಡಿದಾಗಲೂ ಆಕೆ ಅದೇ ರೂಢಿಯಂತೆ ಓದುತ್ತಾಳೆ. ಅದಕ್ಕೆ ಒಂದೇ ಒಂದು ಕಟ್ಟುಪಾಡು ಸಾಕು: ಸಿಲಿಂಡರ್ ಒಳಗಿಟ್ಟ ಮೇಲೆ ಎದುರಿಗೆ ನಿಂತವನಿಗೆ ಗ್ಯಾಸಿನ ಕೋಡ್ ಹೇಳಬಹುದು, ಫೋನಿನಲ್ಲಿ ಮಾತ್ರ ಯಾರಿಗೂ ಹೇಳಬಾರದು, ಹೊಟ್ಟೆಯಲ್ಲಿ ಹುಟ್ಟಿದವರು ಕೇಳಿದರೂ. ಮಗಳು ಊರಿಗೆ ಬಂದಾಗ ಕೂತು ಕೆಲಸ ಮುಗಿಸಲಿ.

ಇನ್ನೊಂದು ತಪ್ಪು ತಿಳಿವಳಿಕೆ, ಇದಕ್ಕೆಲ್ಲ ಸ್ಮಾರ್ಟ್‌ಫೋನ್ ಬೇಕು ಎನ್ನುವುದು. ಒಟಿಪಿ ಬರುವುದು ಎಸ್‌ಎಂಎಸ್‌ನಲ್ಲಿ. ಕೀಪ್ಯಾಡ್ ಫೋನಿಗೂ ಬರುತ್ತದೆ. 14416, 1930 ಎರಡನ್ನೂ ಅದೇ ಕೀಪ್ಯಾಡಿನಿಂದ ಒತ್ತಬಹುದು. ಯುಪಿಐ ಬೇಡ ಎನಿಸಿದರೆ ಬೇಡವೇ ಬೇಡ. ಖರ್ಚು ಇರುವುದು ಸಿಮ್ ಜೀವಂತ ಇಡುವ ರೀಚಾರ್ಜಿಗೆ. ಡೇಟಾ ಇಲ್ಲದ, ಕರೆ ಮತ್ತು ಎಸ್‌ಎಂಎಸ್ ಮಾತ್ರ ಇರುವ ಪ್ಯಾಕ್‌ಗಳನ್ನು ಕಂಪನಿಗಳು ಕೊಡಲೇಬೇಕು ಎಂದು ಟ್ರಾಯ್ 2024ರ ಡಿಸೆಂಬರ್‌ನಲ್ಲಿ ನಿಯಮ ತಂದಿದೆ. ಅಂಗಡಿಯವರು ತಾವಾಗಿ ಇದನ್ನು ಹೇಳುವುದು ಅಪರೂಪ, ಕೇಳಿ ಹಾಕಿಸಬೇಕು.

ಕಲಿಸಲು ಕೂತರೆ ತಾಳ್ಮೆ ಬೇಕು ನಿಜ. ಆದರೆ ಎಲ್ಲವನ್ನೂ ಕಲಿಸಬೇಕಿಲ್ಲ. ಅವರಿಗೆ ಬೇಕಾದ್ದರಿಂದ ಶುರು ಮಾಡಿದರೆ ಅವರೇ ನಮಗಿಂತ ಮುಂದೆ ಇರುತ್ತಾರೆ. ದಿಶಾಂಕ್‌ನಲ್ಲಿ ಸರ್ವೆ ನಂಬರ್ ಹಾಕಿ ಎಂದರೆ ಎಂ.ಎಸ್ಸಿ. ಓದಿದ ಮಗ ತಡಬಡಾಯಿಸುತ್ತಾನೆ. ಅಪ್ಪನಿಗೆ ಹಿಸ್ಸಾ ಸಮೇತ ಬಾಯಿಪಾಠ. ಪಕ್ಕದ ಹೊಲದವನು ಬದು ಒತ್ತಿದ್ದು ಎಷ್ಟು ಎಂದು ನೋಡಲು ಕೂತ ಅಪ್ಪನಿಗೆ ನಕ್ಷೆಯನ್ನು ಎರಡು ಬೆರಳಲ್ಲಿ ಹಿಗ್ಗಿಸುವುದು ಎರಡೇ ನಿಮಿಷದಲ್ಲಿ ಬಂದುಬಿಡುತ್ತದೆ. ಕನ್ನಡ ಟೈಪಿಂಗ್ ಬರದವರು ಮೈಕ್ ಒತ್ತಿ ಮಾತನಾಡಬಹುದು. ಯೂಟ್ಯೂಬ್‌ನಲ್ಲಿ ಧಾರಾವಾಹಿ ಹುಡುಕುವ ಅಮ್ಮಂದಿರು ಈ ವಿದ್ಯೆಯನ್ನು ಆಗಲೇ ಕಲಿತಿದ್ದಾರೆ, ನಾವು ಗಮನಿಸಿಲ್ಲ ಅಷ್ಟೇ.

ತಪ್ಪೆಲ್ಲ ಮಕ್ಕಳದೇ ಎಂದು ಹೇಳಿ ಸರ್ಕಾರವನ್ನು ಪಾರು ಮಾಡುವ ಉದ್ದೇಶ ನನಗಿಲ್ಲ. ಒಟಿಪಿ ಸಂದೇಶಗಳು ಬಹುತೇಕ ಇಂಗ್ಲಿಷಿನಲ್ಲೇ ಬರುತ್ತವೆ. ಇದು ಗ್ಯಾಸಿನದೋ, ಬ್ಯಾಂಕಿನದೋ, ರೇಷನ್ನಿನದೋ ಎಂದು ಏಳನೇ ತರಗತಿ ಕನ್ನಡ ಮಾಧ್ಯಮದಲ್ಲಿ ಓದಿದ ತಾಯಿ ಹೇಗೆ ತಿಳಿಯಬೇಕು? ಜಾಲತಾಣದಲ್ಲಿ ‘ಕನ್ನಡ’ ಎಂದು ಒತ್ತಿದರೆ ಮೇಲಿನ ಪಟ್ಟಿ ಮಾತ್ರ ಕನ್ನಡವಾಗಿ, ಒಳಗಿನ ಅರ್ಜಿ ಇಂಗ್ಲಿಷಿನಲ್ಲೇ ಉಳಿಯುವುದನ್ನು ನಾವೆಲ್ಲ ನೋಡಿದ್ದೇವೆ. ಕ್ಯಾಪ್ಚಾದ ಸೊಟ್ಟ ಅಕ್ಷರಗಳಂತೂ ಕಣ್ಣಿನ ಪರೀಕ್ಷೆಯೇ. ಅರ್ಜಿಯಲ್ಲಿ ಎರಡು ಖಾನೆ ಇಡುವುದು ಕಷ್ಟದ ಕೆಲಸವೇ? ಒಂದು ಫಲಾನುಭವಿಯ ನಂಬರ್, ಒಟಿಪಿ ಅಲ್ಲಿಗೇ ಹೋಗಬೇಕು. ಇನ್ನೊಂದು ನೆರವಾಗುವವರ ನಂಬರ್, ‘ಅರ್ಜಿ ತಿರಸ್ಕೃತವಾಗಿದೆ, ಈ ದಾಖಲೆ ಬೇಕು’ ಎಂಬ ಮಾಹಿತಿ ಮಾತ್ರ ಅಲ್ಲಿಗೂ ಬರಲಿ. ಮಕ್ಕಳ ಸಹಾಯ ಇಲ್ಲದೆ ನಡೆಯದು ಎಂದು ಗೊತ್ತಿದ್ದೂ, ಅರ್ಜಿದಾರರೇ ಎಲ್ಲ ತುಂಬುತ್ತಾರೆ ಎಂಬಂತೆ ಜಾಲತಾಣ ಕಟ್ಟುವುದೇ ಮೂಲ ತೊಂದರೆ.

ಅದು ಆಗುವವರೆಗೆ ಕಾಯಬೇಕಿಲ್ಲ. ಆಧಾರ್ ಕೇಂದ್ರಕ್ಕೆ ಅಮ್ಮನನ್ನು ಕರೆದುಕೊಂಡು ಹೋಗಿ ಆಕೆಯ ನಂಬರ್ ಜೋಡಿಸಬಹುದು. ಶುಲ್ಕ ಸಣ್ಣದು. ಅಂಚೆ ಕಚೇರಿ, ಬ್ಯಾಂಕ್ ಶಾಖೆಗಳಲ್ಲೂ ಹಲವು ಕಡೆ ಈ ಕೇಂದ್ರಗಳಿವೆ. ಹೊಲದ ಕೆಲಸ ಮಾಡಿ ಬೆರಳಚ್ಚು ಸವೆದಿದ್ದರೆ ಕಣ್ಣಿನ ಪಾಪೆಯ ಗುರುತು ತೆಗೆದುಕೊಳ್ಳಿ ಎಂದು ಕೇಳಿ. ಆಧಾರ್‌ನಲ್ಲಿ ಬದಲಾಯಿತು ಎಂದರೆ ಎಲ್ಲ ಕಡೆ ಬದಲಾಯಿತು ಎಂದಲ್ಲ. ಬ್ಯಾಂಕ್ ಮತ್ತು ಗ್ಯಾಸ್ ಏಜೆನ್ಸಿಯಲ್ಲಿ ಬೇರೆಯಾಗಿಯೇ ಅರ್ಜಿ ಕೊಡಬೇಕು. ಟೋಕನ್ ಬೇಗ ಮುಗಿಯುತ್ತದೆ, ಬೆಳಿಗ್ಗೆಯೇ ಹೊರಡಿ. ಹೊಸ ನಂಬರ್ ಅಮ್ಮನಿಗೆ ಬಾಯಿಪಾಠ ಆಗುವವರೆಗೆ ಗೋಡೆಯ ಕ್ಯಾಲೆಂಡರ್ ಮೇಲೆ, ಹಾಲಿನ ಲೆಕ್ಕದ ಪಕ್ಕ, ದಪ್ಪ ಅಕ್ಷರದಲ್ಲಿ ಬರೆದಿಡಿ. ಕೆಳಗೆ 1930, 14416 ಕೂಡ ಇರಲಿ.