ಅರಳೆಯ ವ್ಯಾಪಾರ ಕಲಿಸಿದ ಪಾಠ

ಹಾರ್ಬರ್ ಮಾರ್ಗದ ರೈಲಿನಲ್ಲಿ ಶಾಲೆಗೆ ಬರುವ ವಿದ್ಯಾರ್ಥಿಗಳು ಕಾಟನ್ ಗ್ರೀನ್ ನಿಲ್ದಾಣವನ್ನು ದಿನವೂ ಕಾಣುತ್ತಾರೆ. ಆ ಹೆಸರು ಹತ್ತಿಯ ವ್ಯಾಪಾರದಿಂದ ಬಂದುದೆಂಬುದನ್ನು ಅವರಲ್ಲಿ ಎಷ್ಟು ಮಂದಿ ಬಲ್ಲರು? ಧಾರವಾಡ ಸೀಮೆಯಿಂದ ಉದ್ಯೋಗವನ್ನರಸಿ ಬಂದ ನಮಗಾದರೋ ಅದನ್ನು ಓದಿದಾಗಲೆಲ್ಲ ನಮ್ಮ ಕಡೆಯ ಎರೆಯ ಹೊಲಗಳು ನೆನಪಾಗುತ್ತವೆ. ನಮಗಿಂತ ಬಹು ಮೊದಲೇ ಮುಂಬಯಿಗೆ ಬಂದುದು ನಮ್ಮ ಹತ್ತಿ!

ಹತ್ತೊಂಬತ್ತನೆಯ ಶತಮಾನದಲ್ಲಿ ಧಾರವಾಡದ ಹತ್ತಿಯು ಘಟ್ಟವಿಳಿದು ಕುಮಟೆಯ ಬಂದರನ್ನು ಸೇರಿ, ಅಲ್ಲಿಂದ ಸಮುದ್ರಮಾರ್ಗವಾಗಿ ಮುಂಬಯಿಗೆ ಬರುತ್ತಿತ್ತು. ಆದುದರಿಂದಲೇ ಪೇಟೆಯಲ್ಲಿ ಅದಕ್ಕೆ ‘ಕುಮಟಾ ಹತ್ತಿ’ ಎಂಬ ಹೆಸರಾಯಿತು. 1861ರಲ್ಲಿ ಅಮೇರಿಕೆಯಲ್ಲಿ ಅಂತರ್ಯುದ್ಧವು ಆರಂಭವಾಗಿ, ಲ್ಯಾಂಕಾಶೈರಿನ ಗಿರಣಿಗಳಿಗೆ ಅಲ್ಲಿಯ ಹತ್ತಿ ದೊರೆಯದಾಯಿತು. ಒಡನೆಯೇ ಇಂಗ್ಲೆಂಡಿನ ದೃಷ್ಟಿ ನಮ್ಮ ಹತ್ತಿಯ ಮೇಲೆ ಬಿದ್ದಿತು. ಬೆಲೆ ಗಗನಕ್ಕೇರಿತು, ಮುಂಬಯಿಯಲ್ಲಿ ಹಣದ ಹೊಳೆ ಹರಿಯಿತು. 1865ರಲ್ಲಿ ಯುದ್ಧ ಮುಗಿದೊಡನೆ ಬೆಲೆ ಕುಸಿದು, ಎಷ್ಟೋ ಕಂಪೆನಿಗಳು ಮುಳುಗಿದವು. ಅಂದಿನ ಬಾಂಬೆ ಬ್ಯಾಂಕು ಆ ಹೊಡೆತದಿಂದ ಚೇತರಿಸಿಕೊಳ್ಳಲಾರದೆ 1868ರಲ್ಲಿ ಮುಚ್ಚಿಹೋಯಿತು.

ದೋಷವೆಲ್ಲಿತ್ತು? ದೂರದ ಒಂದು ದೇಶದ ಅಗತ್ಯವನ್ನೇ ನಂಬಿ, ಒಂದೇ ಸರಕನ್ನು ಮಾರಹೊರಟುದರಲ್ಲಿತ್ತು. ಅರಳೆಯಾಗಿ ಹೋದುದು ಬಟ್ಟೆಯಾಗಿ ಮರಳುತ್ತಿತ್ತು. ನೂತು ನೇಯುವ ಕೆಲಸದ ಕೂಲಿಯೂ ಲಾಭವೂ ಹೊರಗೇ ಉಳಿಯುತ್ತಿದ್ದವು. ಕಾವಸ್‌ಜಿ ದಾವರರು 1854ರಲ್ಲಿ ಈ ನಗರದಲ್ಲಿ ನೂಲಿನ ಗಿರಣಿಯನ್ನು ಸ್ಥಾಪಿಸಲು ಮುಂದಾದುದರ ಮಹತ್ವವು ಇದರಿಂದ ತಿಳಿಯುತ್ತದೆ.

ಹಾಗಾದರೆ ದೊಡ್ಡ ರಾಷ್ಟ್ರಗಳ ಸಹವಾಸವೇ ಬೇಡವೆಂದು ಕೆಲವರು ಹೇಳುವರು. ನಾವು ಅದನ್ನು ಒಪ್ಪುವುದಿಲ್ಲ. ಪವಾಯಿಯಲ್ಲಿ 1958ರಲ್ಲಿ ಸ್ಥಾಪನೆಯಾದ ತಾಂತ್ರಿಕ ವಿದ್ಯಾಸಂಸ್ಥೆಗೆ ಯುನೆಸ್ಕೋದ ಮೂಲಕ ಸೋವಿಯತ್ ದೇಶದ ನೆರವು ದೊರೆಯಿತು. ಯಂತ್ರಗಳೊಡನೆ ತಜ್ಞರೂ ಬಂದರು. ಆ ದೇಶವು 1991ರಲ್ಲಿ ಇಲ್ಲವಾಯಿತು; ಕಲಿತ ವಿದ್ಯೆಯು ನಮ್ಮಲ್ಲಿಯೇ ಉಳಿಯಿತು. ಕೊಡು-ಕೊಳ್ಳುವಿಕೆ ಮುಗಿದ ಮೇಲೆ ನಮ್ಮ ಕೈಯಲ್ಲಿ ಯಾವ ಕೌಶಲ ಉಳಿಯಿತು? ಸಹಕಾರವನ್ನು ಅಳೆಯಬೇಕಾದ ಕೊಳಗವು ಇದೇ ಎಂದು ನಮ್ಮ ಅಭಿಪ್ರಾಯ.

ಇದೇ ಕೊಳಗದಿಂದ ನಮ್ಮನ್ನೂ ಅಳೆದುಕೊಳ್ಳಬೇಡವೇ? ಇಂದು ಆಫ್ರಿಕದ ಹಸಿ ಗೇರುಬೀಜವು ಮಂಗಳೂರಿಗೆ ಬಂದು, ಇಲ್ಲಿಯ ಕಾರ್ಖಾನೆಗಳಲ್ಲಿ ತಿರುಳಾಗಿ ಮಾರಾಟವಾಗುತ್ತಿದೆ. ಅಂದಿನ ಧಾರವಾಡದ ರೈತನ ಸ್ಥಾನದಲ್ಲಿ ಇಂದು ಆಫ್ರಿಕದ ಬೆಳೆಗಾರನಿದ್ದಾನೆ. ಅವನ ದೇಶವು ತನ್ನ ಬೀಜವನ್ನು ತಾನೇ ಸಂಸ್ಕರಿಸಬಯಸಿದರೆ ನಾವು ಮುನಿಯಬಾರದು. ನಮಗೆ ತಿಳಿದುದನ್ನು ಕಲಿಸಬೇಕು. ನಮ್ಮ ವಿದ್ಯಾರ್ಥಿಗಳಲ್ಲಿ ನಾಳೆ ವ್ಯಾಪಾರಿಗಳೂ ಅಧಿಕಾರಿಗಳೂ ಆಗುವವರಿದ್ದಾರೆ. ಅಂದು ಅವರು ಕುಮಟೆಯ ಹತ್ತಿಯನ್ನು ನೆನೆಯಲಿ.